ರಕ್ತ ಕಮ್ಮಿ ಅಂದ್ರು: ಗುಳಿಗೆಯೋ, ಟಾನಿಕ್ಕೋ, ಬಾಟ್ಲಿಯೋ?

ಚೀಟಿಯಲ್ಲಿ ಹಿಮೋಗ್ಲೋಬಿನ್ 8.4 ಅಂತ ಬರೆದಿತ್ತು. ಎರಡು ವರ್ಷದ ಹಿಂದಿನ ಬೇಸಿಗೆ. ಮನೆಯ ಮಹಡಿ ಹತ್ತಿದರೆ ಏದುಸಿರು, ಎದೆ ಡಬಡಬ. ಬಿಸಿಲಿಗೆ ಹೀಗಾಗುತ್ತಿದೆ ಅಂದುಕೊಂಡು ಸುಮ್ಮನಿದ್ದೆ. ಸಿಂಧನೂರಿನಲ್ಲಿ ಏಪ್ರಿಲ್ ಬಂತು ಅಂದರೆ ಯಾವ ಸುಸ್ತಿಗೂ ಬಿಸಿಲನ್ನೇ ಬೈಯುವುದು ರೂಢಿ, ಅಲ್ವಾ? ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದರು. ಸಂಜೆಗೆ ಆ ಚೀಟಿ ಕೈಗೆ ಬಂತು.

ಮನೆಗೆ ಬಂದ ಮೇಲೆ ಶುರುವಾಯಿತು. ಅತ್ತೆ ಒಂದು ಕಿಲೋ ಬೀಟ್‌ರೂಟ್ ತರಿಸಿದರು. ಓರಗಿತ್ತಿ ತಾನು ಅರ್ಧ ಕುಡಿದು ಇಟ್ಟಿದ್ದ ಟಾನಿಕ್ ಬಾಟಲಿ ಕೊಟ್ಟಳು. ಪಕ್ಕದ ಮನೆಯ ಅಕ್ಕ, "ಅದೆಲ್ಲಾ ಯಾವಾಗ ಆಗಬೇಕವಾ, ಒಂದು ಬಾಟ್ಲಿ ಹಚ್ಚಿಸ್ಕೋ, ಸಂಜಿಗೆ ಎದ್ದು ಕೂಡ್ತಿ" ಅಂದರು. ಆಶಾ ಕಾರ್ಯಕರ್ತೆ ಕೆಂಪು ಗುಳಿಗೆಯ ಪಟ್ಟಿ ಕೈಗಿಟ್ಟಳು. ತವರಿನಿಂದ ಅವ್ವ ಫೋನ್ ಮಾಡಿ ಶೇಂಗಾ-ಬೆಲ್ಲ ತಿನ್ನು ಅಂದಳು.

ನಾನು ಇವನ್ನೆಲ್ಲ ಮಾಡಿದೆ, ಆದರೆ ಉಲ್ಟಾ ಕ್ರಮದಲ್ಲಿ. ಮೊದಲು ಬಾಟ್ಲಿ, ಕೊನೆಗೆ ಗುಳಿಗೆ. ಮೂರು ತಿಂಗಳು ಹಾಗೇ ಹೋಯಿತು. ಆಮೇಲೆ ಡಾಕ್ಟರನ್ನು ಕೂತು ಕೇಳಿ ತಿಳಿದುಕೊಂಡದ್ದನ್ನು, ಮತ್ತೆ ಓದಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಡೋಸು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಏನು ಕೇಳಬೇಕು ಅನ್ನುವುದಾದರೂ ಗೊತ್ತಿರಲಿ.

ಅಂಕಿ ನೋಡದೆ ಔಷಧಿ ಆರಿಸಬೇಡಿ

ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು, ಬಸುರಿಗೆ 11 (ನಡುವಿನ ಮೂರು ತಿಂಗಳು 10.5). ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಬಸುರಿಯಲ್ಲದವರಿಗೆ 8ರಿಂದ 10.9 ಅಂದರೆ ಮಧ್ಯಮ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ. ಬಸುರಿಯರಿಗೆ 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಇದು ಅಪರೂಪದ ಕಾಯಿಲೆ ಅಲ್ಲವೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಒಂದು ಓಣಿಯಲ್ಲಿ ಹೆಚ್ಚುಕಡಿಮೆ ಮನೆ ಬಿಟ್ಟು ಮನೆ.

ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬಿಯಲ್ಲಿರುವ ಹಿಟ್ಟು. ಹಗೇವಿನಲ್ಲಿ, ಅಂದರೆ ನೆಲದಡಿಯ ಕಾಳಿನ ಕಣಜದಲ್ಲಿ, ಜೋಳ ಎಷ್ಟು ಉಳಿದಿದೆ ಅನ್ನುವುದನ್ನು ಹೇಳುವುದು ಫೆರಿಟಿನ್ ಪರೀಕ್ಷೆ, ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಡಬ್ಬಿ ಖಾಲಿಯಾಗುವುದಕ್ಕೆ ಬಹಳ ಮುಂಚೆಯೇ ಹಗೇವು ಖಾಲಿಯಾಗಿರುತ್ತದೆ. ಕೂದಲು ಉದುರುವುದು, ಸುಸ್ತು, ಮಣ್ಣು-ಸೀಮೆಸುಣ್ಣ-ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಆಗಲೇ ಶುರುವಾಗಬಹುದು.

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿಯಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ. ಅದು ಕೆಂಪು ಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಕೆಲವೊಮ್ಮೆ ಹುಟ್ಟಿನಿಂದ ಬಂದ ಥಲಸ್ಸೇಮಿಯಾ ಗುಣವೂ ಹಾಗೇ ಕಾಣುತ್ತದೆ. 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕಡೆ ಅನುಮಾನ ಹೋಗುತ್ತದೆ. ಮಾಂಸ, ಮೊಟ್ಟೆ ಮುಟ್ಟದ, ಹಾಲು-ಮೊಸರೂ ಕಡಿಮೆ ತಿನ್ನುವ ಮನೆಗಳಲ್ಲಿ ಬಿ12 ಕೊರತೆ ಬೇಗ ಬರುತ್ತದೆ. ಅಂಥವರು ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಪೂರ್ತಿ ಸುಧಾರಿಸುವುದಿಲ್ಲ.

ಇನ್ನು ಸೋರಿಕೆ. ಒಂದು ಮಿ.ಲೀ. ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮುಟ್ಟು ಏಳು ದಿನಕ್ಕಿಂತ ಜಾಸ್ತಿ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ಗಡ್ಡೆ ಗಡ್ಡೆ ಬೀಳುತ್ತಿದ್ದರೆ ಅದು "ಎಲ್ಲರಿಗೂ ಇರೋದೇ" ಅಲ್ಲ. ಗರ್ಭಕೋಶದಲ್ಲಿ ಗಂಟು ಇರಬಹುದು, ಥೈರಾಯ್ಡ್ ಇರಬಹುದು. ಮೂಲವ್ಯಾಧಿಯಿಂದಲೂ ರಕ್ತ ಹೋಗುತ್ತದೆ, ಅದನ್ನು ಡಾಕ್ಟರಿಗೆ ಹೇಳಲು ಹೆಂಗಸರು ನಾಚುತ್ತಾರೆ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರಿಗೆ ಕೊಕ್ಕೆಹುಳು. ಅದು ಕಾಲಿನ ಚರ್ಮದಿಂದಲೇ ಒಳಗೆ ಹೋಗಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೀಗಾಗಿ ಡಾಕ್ಟರು ಕಬ್ಬಿಣದ ಜೊತೆ ಜಂತುಹುಳದ ಒಂದು ಗುಳಿಗೆಯನ್ನೂ ಬರೆಯುತ್ತಾರೆ. ಬಸುರಿಯರಿಗೆ ಮೊದಲ ಮೂರು ತಿಂಗಳು ಅದು ಬೇಡ.

ಊಟ: ಬೇಕೇ ಬೇಕು, ಆದರೆ ಇದೊಂದರಿಂದಲೇ 8 ಹೋಗಿ 12 ಆಗುವುದಿಲ್ಲ

ಇದನ್ನು ಅತ್ತೆಗೆ ಒಪ್ಪಿಸಲು ನನಗೆ ಸಾಕುಬೇಕಾಯಿತು. ಬೀಟ್‌ರೂಟ್ ಕೆಂಪಗಿದೆ, ರಕ್ತವೂ ಕೆಂಪಗಿದೆ, ಅಷ್ಟೇ ಸಂಬಂಧ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತಲೂ ಕಮ್ಮಿ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದವರು ಬೇಜಾರು ಮಾಡಿಕೊಳ್ಳಬಾರದು. ಹಣ್ಣು ಒಳ್ಳೆಯದೇ, ರಕ್ತದ ಔಷಧಿ ಅಲ್ಲ ಅಷ್ಟೇ. ಬೆಲ್ಲದಲ್ಲಿ ನೂರು ಗ್ರಾಮಿಗೆ ನಾಲ್ಕೈದು ಮಿಲಿಗ್ರಾಂ ಇದೆ, ಆದರೆ ಯಾರು ನೂರು ಗ್ರಾಂ ಬೆಲ್ಲ ತಿಂತಾರೆ? ಅವ್ವ ಹೇಳಿದ ಒಂದು ತುಣುಕಿನಲ್ಲಿ ಅರ್ಧ ಮಿಲಿಗ್ರಾಂ ಸಿಕ್ಕರೆ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಊಟದಲ್ಲಿ ಬೇಕು. ಗಂಡಸಿಗೆ 19 ಸಾಕು. ನಮ್ಮ ಊಟದ ತಟ್ಟೆಯಲ್ಲಿ ಯಾರು ಕೊನೆಗೆ ಉಳಿದದ್ದನ್ನು ತಿನ್ನುತ್ತಾರೆ ಅಂತ ನೋಡಿದರೆ ಲೆಕ್ಕ ಎಲ್ಲಿ ತಪ್ಪಿದೆ ಅಂತ ತಿಳಿಯುತ್ತದೆ.

ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕಿಂತ ಜಾಸ್ತಿ, ಹುರುಳಿಯಲ್ಲಿ 8ಕ್ಕಿಂತ ಜಾಸ್ತಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದಕ್ಕಿಂತ ಕಡಿಮೆ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಭತ್ತ ತುಂಬಿತು, ರೊಟ್ಟಿ ಬಡಿಯುವ ಸಪ್ಪಳ ಕಡಿಮೆಯಾಯಿತು. ನಮ್ಮ ಮನೆಯಲ್ಲೇ ಮೂರು ಹೊತ್ತೂ ಅನ್ನ ಆಗಿತ್ತು. ಈಗ ರಾತ್ರಿಗೆ ರೊಟ್ಟಿ ಮತ್ತೆ ಬಂದಿದೆ.

ಆದರೆ ಕಾಳು-ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರರಲ್ಲಿ ಐದರಿಂದ ಹತ್ತು ಪಾಲು ಅಷ್ಟೇ. ಅದನ್ನು ಜಾಸ್ತಿ ಮಾಡುವ ಉಪಾಯ ನಮ್ಮ ಅಡುಗೆಯಲ್ಲೇ ಇದೆ. ಪುಂಡಿ ಪಲ್ಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಅದರ ಹುಳಿಗೆ ಬಾಣಲೆಯ ಕಬ್ಬಿಣವೂ ಪಲ್ಲೆಗೆ ಇಳಿಯುತ್ತದೆ. ರಾಜಗಿರಿ, ನುಗ್ಗೆಸೊಪ್ಪು, ಕಾಳಿನ ಪಲ್ಲೆಗೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಒಂದು ಪೇರಲ ಹಣ್ಣು ತಿಂದರೂ ಆಯಿತು. ಮಾಂಸ ತಿನ್ನುವವರಿಗೆ ಕುರಿ ಮಾಂಸ, ಕಲೀಜ ಒಳ್ಳೆಯದು, ಅದರ ಕಬ್ಬಿಣ ಸೊಪ್ಪಿನದಕ್ಕಿಂತ ಎಷ್ಟೋ ಸಲೀಸಾಗಿ ಹತ್ತುತ್ತದೆ. ಬಸುರಿಯರು ಮಾತ್ರ ಕಲೀಜ ಪದೇ ಪದೇ ತಿನ್ನಬಾರದು, ಅದರಲ್ಲಿ ಎ ವಿಟಮಿನ್ ಅತಿಯಾಗಿದೆ.

ಕೆಡಿಸುವುದು ಚಹಾ. ಮಿರ್ಚಿ-ಮಂಡಕ್ಕಿ ತಿಂದ ಕೂಡಲೇ ಚಹಾ, ಊಟ ಆದ ಕೂಡಲೇ ಚಹಾ. ಚಹಾದ ಒಗರು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತದೆ. ಚಹಾ ಬಿಡಿ ಅಂತ ನಾನು ಹೇಳಲ್ಲ, ನನಗೇ ಆಗಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೇಷನ್ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕಾಳುಗಳನ್ನು "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ ಅಕ್ಕಿ ಆಕಾರಕ್ಕೆ ಒತ್ತಿದ ಕಾಳು. ಬೆರೆಸಿದ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಇರುತ್ತದೆ. ಹಾಗೆ ಬೆರೆಸಿದ ಒಂದು ಕಿಲೋ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅಂತ ನಿಯಮ. ನಾವು ಆರಿಸಿ ಕೋಳಿಗೆ ಹಾಕುತ್ತಿದ್ದೆವು. ಕೋಳಿಗಳು ಗಟ್ಟಿಮುಟ್ಟಾಗಿದ್ದವು.

ಗುಳಿಗೆ: ಬಹಳ ಜನರಿಗೆ ಇದೇ ಸರಿ

ಸರ್ಕಾರಿ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ. ಶಾಲೆಯ ಹುಡುಗಿಯರಿಗೆ ಅದೇ ಔಷಧಿ ನೀಲಿ ಬಣ್ಣದಲ್ಲಿ, ವಾರಕ್ಕೊಂದು. ಬಸುರಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ರಕ್ತಹೀನತೆ ಇರುವುದು ಪರೀಕ್ಷೆಯಲ್ಲಿ ಕಂಡರೆ ಡೋಸು ಹೆಚ್ಚಿಸುತ್ತಾರೆ.

"ಸರ್ಕಾರಿ ಗುಳಿಗೆ ಅಗ್ಗದ್ದು, ಅದರಾಗೇನ್ ಇರ್ತದ?" ಅನ್ನುವವರು ನಮ್ಮಲ್ಲಿ ಬಹಳ. ಅಂಗಡಿಯಲ್ಲಿ ಸಿಗುವ ಫೆರಸ್ ಆಸ್ಕಾರ್ಬೇಟ್ ಗುಳಿಗೆಗಳಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಹೊಟ್ಟೆಗೆ ಕೆಲವರಿಗೆ ಸ್ವಲ್ಪ ಹಗುರ. ಫೆರಸ್ ಫ್ಯೂಮರೇಟ್ ಇನ್ನೊಂದು ಬಗೆ. ರಕ್ತ ಏರಿಸುವುದರಲ್ಲಿ ಇವುಗಳ ನಡುವೆ ಆಕಾಶ-ಭೂಮಿಯ ಅಂತರ ಇಲ್ಲ. ಕೊಳ್ಳುವಾಗ ಹೆಸರಿಗಿಂತ "ಎಲಿಮೆಂಟಲ್ ಐರನ್", ಅಂದರೆ ಅದರಲ್ಲಿರುವ ನಿಜವಾದ ಕಬ್ಬಿಣ, ಎಷ್ಟು ಅಂತ ಬರೆದ ಸಾಲು ನೋಡಿ. ಒಂದು ವಿಷಯ ಮಾತ್ರ ನೆನಪಿಡಿ: ಹೊಟ್ಟೆಯಲ್ಲಿ ಕರಗದೆ ಮುಂದೆ ಕರುಳಿನಲ್ಲಿ ನಿಧಾನಕ್ಕೆ ಕರಗುವಂತೆ ಲೇಪ ಕೊಟ್ಟ ಗುಳಿಗೆಗಳು ದುಬಾರಿ, ಆದರೆ ಅಷ್ಟು ಹತ್ತುವುದಿಲ್ಲ. ಕಬ್ಬಿಣ ಒಳಗೆ ಹೋಗುವ ಬಾಗಿಲು ಕರುಳಿನ ಮೊದಲ ಭಾಗದಲ್ಲೇ ಇದೆ, ಗುಳಿಗೆ ಅದನ್ನು ದಾಟಿ ಹೋದ ಮೇಲೆ ಕರಗಿ ಏನು ಪ್ರಯೋಜನ?

ಜನ ಗುಳಿಗೆ ಬಿಡುವುದು ಹೊಟ್ಟೆಯ ಕಾಟಕ್ಕೆ. ವಾಂತಿ ಬಂದಂತಾಗುವುದು, ಮಲ ಗಟ್ಟಿಯಾಗುವುದು, ಕಪ್ಪಗಾಗುವುದು. ಕಪ್ಪಗಾಗುವುದಕ್ಕೆ ಹೆದರಬೇಡಿ, ಅದು ಹತ್ತದೆ ಉಳಿದ ಕಬ್ಬಿಣ. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಮಾತ್ರ ತೋರಿಸಿ, ಅದು ಒಳಗಿನ ರಕ್ತಸ್ರಾವ ಇರಬಹುದು. ನಾನು ಮೊದಲ ಸಲ ನಾಲ್ಕೇ ದಿನಕ್ಕೆ ಬಿಟ್ಟುಬಿಟ್ಟಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ, ಹಿಂದೆಯೇ ಚಹಾ ಕುಡಿಯುತ್ತಿದ್ದೆ. ಹೊಟ್ಟೆ ಕೆಟ್ಟಿತು, ಕಬ್ಬಿಣವೂ ಹತ್ತಲಿಲ್ಲ, ಎರಡೂ ಕಡೆ ನಷ್ಟ.

ಎರಡನೇ ಸಲ ಡಾಕ್ಟರು ದಿನ ಬಿಟ್ಟು ದಿನ ತಗೊಳ್ಳಿ ಅಂದರು. ಅರ್ಧಕ್ಕರ್ಧ ಕಡಿಮೆ ಮಾಡಿದರೆ ಹೇಗೆ ಏರುತ್ತದೆ ಅಂತ ನನಗೆ ಅನುಮಾನ. ಕಾರಣ ಚೆನ್ನಾಗಿದೆ. ನಮ್ಮ ಲಿವರಿನಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಹುಟ್ಟುತ್ತದೆ, ಕಬ್ಬಿಣದ ಬಾಗಿಲು ಕಾಯುವುದು ಅದರ ಕೆಲಸ. ಇವತ್ತು ಒಂದು ಗುಳಿಗೆ ಹೋದರೆ ಅದು ಸುಮಾರು ಒಂದು ದಿನ ಬಾಗಿಲನ್ನು ಅರ್ಧ ಎಳೆದುಬಿಡುತ್ತದೆ. ನಾಳೆಯೇ ಇನ್ನೊಂದು ನುಂಗಿದರೆ ಬಹಳಷ್ಟು ಹೊರಗೇ ಉಳಿದು ಹೊಟ್ಟೆ ಕೆಡಿಸುತ್ತದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣ ಕಡಿಮೆ ಇದ್ದ ಹೆಂಗಸರಲ್ಲಿ ಇದನ್ನು ಅಳೆದು ತೋರಿಸಿದರು. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಗುಳಿಗೆಯಿಂದ ಹೆಚ್ಚು ಕಬ್ಬಿಣ ಹತ್ತಿತ್ತು. ಆದರೆ ಬಸುರಿಯರು ಇದನ್ನು ಓದಿ ತಾವಾಗಿಯೇ ಡೋಸು ಬದಲಿಸಬೇಡಿ. ಅವರಿಗೆ ದಿನಾಲೂ ಅಂತಲೇ ಸರ್ಕಾರದ ನಿಯಮ.

ನನಗೆ ಹೊಂದಿದ ಪದ್ಧತಿ ಹೇಳುತ್ತೇನೆ. ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ಅರ್ಧ ನಿಂಬೆಹಣ್ಣಿನ ನೀರಿನ ಜೊತೆ. ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಹತ್ತುತ್ತದೆ ನಿಜ, ಆದರೆ ವಾಂತಿಯಾಗಿ ನಿಲ್ಲಿಸುವುದಕ್ಕಿಂತ ಇದೇ ವಾಸಿ. ಹಾಲಿನ ಜೊತೆ ಬೇಡ. ಬಸುರಿಯರಿಗೆ ಕ್ಯಾಲ್ಸಿಯಂ ಗುಳಿಗೆಯೂ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಿದರೆ ಒಂದಕ್ಕೊಂದು ಅಡ್ಡ. ನಡುವೆ ಎರಡು ಗಂಟೆ ಇರಲಿ.

ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಂಪಗೆ, ಸಿಹಿಯಾಗಿ ಪೆಪ್ಪರ್‌ಮೆಂಟಿನ ಥರ ಇರುತ್ತದೆ. ಸಣ್ಣ ಮಗು ಒಂದು ಹಿಡಿ ನುಂಗಿದರೆ ಜೀವಕ್ಕೇ ಅಪಾಯ.

ಸರಿಯಾಗಿ ತಗೊಂಡರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಅಂಕಿ ಏರಬೇಕು. ಆಮೇಲೆ ಎಲ್ಲರೂ ಮಾಡುವ ತಪ್ಪು: 12 ಮುಟ್ಟಿದ ದಿನವೇ ನಿಲ್ಲಿಸುವುದು. ಡಬ್ಬಿ ತುಂಬಿತು, ಹಗೇವು ಇನ್ನೂ ಖಾಲಿ. ಅದಕ್ಕೇ ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಟಾನಿಕ್

ಗುಳಿಗೆ ಗಂಟಲಲ್ಲಿ ಇಳಿಯದವರಿಗೆ ಟಾನಿಕ್ ಸರಿ. ಉಳಿದವರಿಗೆ ಅದೇ ಕಬ್ಬಿಣಕ್ಕೆ ಜಾಸ್ತಿ ದುಡ್ಡು. ಕೆಲವು ಟಾನಿಕ್‌ಗಳಲ್ಲಿ ಸಕ್ಕರೆಯೇ ಜಾಸ್ತಿ, ಕಬ್ಬಿಣ ಅಲ್ಪಸ್ವಲ್ಪ. ಬಾಟಲಿಯ ಹಿಂದೆ ಓದಿ, ಒಂದು ಚಮಚಕ್ಕೆ ಎಷ್ಟು ಅಂತ ಗುಳಿಗೆಯ 60ಕ್ಕೆ ಹೋಲಿಸಿ. ಹಲ್ಲು ಕಪ್ಪಾಗುತ್ತದೆ, ಸ್ಟ್ರಾ ಹಾಕಿ ಕುಡಿದು ಬಾಯಿ ಮುಕ್ಕಳಿಸಬೇಕು. ಓರಗಿತ್ತಿಯ ಬಾಟಲಿಯನ್ನು ವಾಪಸ್ ಕೊಟ್ಟೆ.

ಬಾಟ್ಲಿ ಮತ್ತು ಕೆಂಪು ಸೂಜಿ

ಇಲ್ಲಿ ಎರಡು ಬಾಟ್ಲಿಗಳಿವೆ, ಗೊಂದಲ ಮಾಡಿಕೊಳ್ಳಬೇಡಿ.

ಒಂದು, ನಾನು ಹಚ್ಚಿಸಿಕೊಂಡದ್ದು. ಹತ್ತಿರದ ಒಂದು ಸಣ್ಣ ದವಾಖಾನೆಗೆ ಹೋಗಿ ಮಲಗಿದೆ. ಗ್ಲೂಕೋಸ್ ಬಾಟಲಿಯೊಳಗೆ ಒಂದು ಕೆಂಪು ಔಷಧಿ ಬಿಟ್ಟರು, ಬಾಟಲಿ ಪೂರ್ತಿ ಗುಲಾಬಿ ಬಣ್ಣ ಆಯಿತು. ರಕ್ತವೇ ಏರುತ್ತಿದೆ ಅನ್ನಿಸಿತು ನನಗೆ. ಎದ್ದಾಗ ನಿಜಕ್ಕೂ ಹಾಯೆನಿಸಿತು, ಮೂರು ದಿನ ಚೆನ್ನಾಗಿದ್ದೆ. ಮತ್ತೆ ಅದೇ ಸುಸ್ತು. ಮೂರು ವಾರಕ್ಕೆ ಮೂರು ಬಾಟ್ಲಿ ಆದ ಮೇಲೆ ಪರೀಕ್ಷೆ ಮಾಡಿಸಿದರೆ 8.3. ಆ ಕೆಂಪು ಬಿ12ರ ಬಣ್ಣ. ಬಿ12 ಕೊರತೆ ಇದ್ದವರಿಗೆ ಅದು ಒಳ್ಳೆಯ ಔಷಧಿ, ನನಗೆ ಇರಲಿಲ್ಲ. ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಉಳಿದದ್ದು ನೀರು. ಬಿಸಿಲಲ್ಲಿ ಬಳಲಿದ ಮೈಗೆ ನೀರು ಹೋದರೆ ಹಾಯೆನಿಸದೆ ಇರುತ್ತದೆಯೇ? ಆದರೆ ಕಬ್ಬಿಣ ಒಂದು ಗುಂಜಿಯೂ ಇಲ್ಲ. ತೀವ್ರ ರಕ್ತಹೀನತೆ ಇದ್ದವರಿಗೆ ಸುಮ್ಮನೆ ನೀರು ಏರಿಸಿದರೆ ಹೃದಯಕ್ಕೆ ಭಾರವೂ ಆಗಬಹುದು.

ಎರಡನೆಯದು ನಿಜವಾದ ಕಬ್ಬಿಣದ ಬಾಟ್ಲಿ. ಅದು ಗುಲಾಬಿ ಅಲ್ಲ, ಕಡು ಕಂದು, ಚಹಾ ಡಿಕಾಕ್ಷನ್ ಥರ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಐರನ್ ಸುಕ್ರೋಸ್ ಅಂದರೆ ಒಂದು ಸಲಕ್ಕೆ 200 ಮಿಲಿಗ್ರಾಂ, ನಡುವೆ ದಿನ ಬಿಟ್ಟು ನಾಲ್ಕೈದು ಸಲ ಹೋಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಡಾಕ್ಟರು ಎಫ್‌ಸಿಎಂ ಅನ್ನುತ್ತಾರೆ, ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ, ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಎಷ್ಟು ಬೇಕು ಅನ್ನುವುದನ್ನು ತೂಕದಿಂದ ಲೆಕ್ಕ ಹಾಕುತ್ತಾರೆ. ತೂಕ 50 ಕಿಲೋ, ಹಿಮೋಗ್ಲೋಬಿನ್ 7, ಮುಟ್ಟಬೇಕಾದದ್ದು 11 ಅಂದರೆ 50ನ್ನು 4ರಿಂದ, ಅದನ್ನು 2.4ರಿಂದ ಗುಣಿಸಿ, ಹಗೇವಿಗೆ ಅಂತ 500 ಕೂಡಿಸಿದರೆ 980 ಬರುತ್ತದೆ. ಅಂದರೆ ಎಫ್‌ಸಿಎಂ ಒಂದು ಸಲ, ಸುಕ್ರೋಸ್ ಐದು ಸಲ.

ಹಳ್ಳಿಯಿಂದ ಬಸ್ಸು ಹತ್ತಿ, ಕೂಲಿ ಬಿಟ್ಟು ಬರುವ ಹೆಂಗಸಿಗೆ ಈ ಒಂದು ಸಲ-ಐದು ಸಲದ ವ್ಯತ್ಯಾಸ ಬಹಳ ದೊಡ್ಡದು. ಭತ್ತದ ನಾಟಿಯ ದಿನಗಳಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ ಐದು ದಿನದ ಕೂಲಿ ಬಿಡುವುದು ಆಗದ ಮಾತು. ಖಾಸಗಿಯಲ್ಲಿ ಎಫ್‌ಸಿಎಂಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಹಾಗಾಗಿ ಮೊದಲು ತಾಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ಯಾವ ಬಗೆ ಇದೆ ಅಂತ ಕೇಳಿ. ಅಪರೂಪಕ್ಕೆ ಅಲರ್ಜಿ ಆಗಿ ಬಿ.ಪಿ. ಇಳಿಯಬಹುದು. ಅದಕ್ಕೆ ಇದನ್ನು ಮನೆಯಲ್ಲಿ, ಮಂಚದ ಮೇಲೆ, ಗೋಡೆಯ ಮೊಳೆಗೆ ಬಾಟಲಿ ನೇತುಹಾಕಿ ಮಾಡಿಸುವಂತಿಲ್ಲ. ಆಮ್ಲಜನಕ, ಔಷಧಿ, ಡಾಕ್ಟರು ಇರುವ ಕಡೆಯೇ ಆಗಬೇಕು. ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಬೇಕು. ಬಸುರಿಯರಿಗೆ ಮೊದಲ ಮೂರು ತಿಂಗಳು ಕೊಡುವುದಿಲ್ಲ.

ಸೊಂಟಕ್ಕೆ ಕೊಡುವ ಕಬ್ಬಿಣದ ಸೂಜಿ ಹಳೆಯ ಪದ್ಧತಿ. ನೋವು, ಚರ್ಮದ ಮೇಲೆ ಕಲೆ. ಈಗ ಅದರ ಅಗತ್ಯ ಬೀಳುವುದು ಕಡಿಮೆ.

ರಕ್ತವನ್ನೇ ಏರಿಸುವುದು ಕೊನೆಯ ದಾರಿ. ಒಂದು ಬಾಟಲಿ ರಕ್ತಕ್ಕೆ ಸುಮಾರು ಒಂದು ಅಂಕಿ ಏರುತ್ತದೆ. ಹಿಮೋಗ್ಲೋಬಿನ್ 5ರ ಆಸುಪಾಸು ಇದ್ದು ಉಸಿರಾಡಲು ಕಷ್ಟ ಆದಾಗ, ಹೆರಿಗೆ ಹತ್ತಿರ ಬಂದು 7ರ ಕೆಳಗೆ ಇದ್ದಾಗ, ಜಾಸ್ತಿ ರಕ್ತ ಹೋದಾಗ ಅದೇ ಜೀವ ಉಳಿಸುತ್ತದೆ. 9 ಇದ್ದವರು "ಒಂದು ಬಾಟ್ಲಿ ರಕ್ತ ಹಾಕ್ರಿ" ಅಂತ ಕೇಳುವುದು ಬೇಡ.

ಹಾಗಾದರೆ ಯಾರಿಗೆ ಯಾವುದು?

ನನ್ನಂತೆ ಬಸುರಿಯಲ್ಲದೆ 8ರಿಂದ 12ರ ನಡುವೆ ಇದ್ದರೆ ಗುಳಿಗೆ. ಸರ್ಕಾರಿಯದೇ ಸಾಕು. ಹೊಟ್ಟೆಗೆ ಒಗ್ಗದಿದ್ದರೆ ದಿನ ಬಿಟ್ಟು ದಿನ, ಅದೂ ಆಗದಿದ್ದರೆ ಬೇರೆ ಬಗೆಯ ಗುಳಿಗೆ. ತಿಂಗಳ ಮೇಲೆ ಪರೀಕ್ಷೆ. ಸರಿಯಾಗಿ ನುಂಗಿಯೂ ಏರದಿದ್ದರೆ ಡೋಸು ಹೆಚ್ಚಿಸುವುದಲ್ಲ, ಕಾರಣ ಹುಡುಕಿಸಬೇಕು. ಬಿ12, ಥಲಸ್ಸೇಮಿಯಾ ಗುಣ, ಸೋರಿಕೆ.

ಬಸುರಿಯಾಗಿ ನಾಲ್ಕೈದು ತಿಂಗಳಿದ್ದು 9-10 ಇದ್ದರೆ ಗುಳಿಗೆಗೆ ಇನ್ನೂ ಸಮಯ ಇದೆ. ಅದೇ ಅಂಕಿ ಎಂಟನೇ ತಿಂಗಳಲ್ಲಿ ಬಂದರೆ ಲೆಕ್ಕ ಬೇರೆ. ಗುಳಿಗೆ ಕೆಲಸ ಮಾಡುವಷ್ಟರಲ್ಲಿ ಹೆರಿಗೆ ಬಂದುಬಿಡುತ್ತದೆ, ಹಾಗಾಗಿ ಕಬ್ಬಿಣದ ಬಾಟ್ಲಿ ಕೇಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದಲೇ ಪುಕ್ಕಟೆ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತಗೊಂಡು ಹೋಗಿ, ಹಿಂದಿನ ತಿಂಗಳ ಅಂಕಿ ಅದರಲ್ಲಿ ಬರೆಸಿರಿ.

ನನ್ನ ತಂಗಿಯನ್ನು ಕುಷ್ಟಗಿ ಕಡೆ ಕೊಟ್ಟಿದೆ. ಹೋದ ವರ್ಷ ಏಳು ತಿಂಗಳಾದಾಗ 7.6 ಬಂತು. "ಯಕ್ಕಾ, ಗುಳಿಗಿ ಡಬ್ಬಿ ತುಂಬ ಅದಾವು, ನುಂಗಿದ್ರ ಹೊಟ್ಟಿ ತೊಳಸ್ತೈತಿ" ಅಂತ ಅತ್ತಳು. ನಾಲ್ಕು ತಿಂಗಳ ಗುಳಿಗೆ ಹಾಗೇ ಇದ್ದವು. ಆಸ್ಪತ್ರೆಯಲ್ಲಿ ಎಫ್‌ಸಿಎಂ ಹಾಕಿಸಿದರು. ಹೆರಿಗೆಗೆ ಹೋಗುವಾಗ 10.2 ಇತ್ತು. ಈಗ ಮಗಳಿಗೆ ಹಾಲು ಕುಡಿಸುತ್ತಾ ರಾತ್ರಿ ನಿಂಬೆ ನೀರಲ್ಲಿ ಗುಳಿಗೆ ನುಂಗುತ್ತಾಳೆ. ದಿನಾ ಒಂಬತ್ತು ಗಂಟೆಗೆ ನಾನು ಮಿಸ್ಡ್ ಕಾಲ್ ಕೊಡುತ್ತೇನೆ, ನುಂಗಿದ ಮೇಲೆ ಅವಳು ವಾಪಸ್ ಕೊಡುತ್ತಾಳೆ.